ಲೈಬ್ರರಿಯ ಬೆನ್ನುಚೀಲ, ಮೊಮ್ಮಗನ ಜೊತೆ ತಿರುಗಾಟ

ಪ್ರಶ್ನೆ: ಮೇ ತಿಂಗಳಲ್ಲಿ ಅಮೆರಿಕದ ಡೆನ್ವರ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇನೆ. ಅಲ್ಲಿ ಲೈಬ್ರರಿಯಲ್ಲಿ ಪ್ರಕೃತಿ ನೋಡಲು ಬ್ಯಾಗ್ ಕೊಡುತ್ತಾರಂತೆ. ಆರು ವರ್ಷದ ಮೊಮ್ಮಗನಿಗೆ ಉಪಯೋಗವಾಗುತ್ತದಾ?
– ಓದುಗರು, ಮೈಸೂರು

ಉತ್ತರ: ಖಂಡಿತ ಆಗುತ್ತದೆ. ಡೆನ್ವರ್ ಇರುವ ಕೊಲರಾಡೋ ರಾಜ್ಯದ ಸಾರ್ವಜನಿಕ ಲೈಬ್ರರಿಗಳಲ್ಲಿ ಪುಸ್ತಕದ ಹಾಗೇ ಈ ಬೆನ್ನುಚೀಲವನ್ನೂ ಎರವಲು ಕೊಡುತ್ತಾರೆ. ಒಳಗೆ ಸ್ಟೇಟ್ ಪಾರ್ಕ್ (ರಾಜ್ಯ ಸರ್ಕಾರದ ಉದ್ಯಾನ) ಪಾಸ್, ಪುಟ್ಟ ಬೈನಾಕ್ಯುಲರ್, ಮಕ್ಕಳ ಚಟುವಟಿಕೆಯ ಕೈಪಿಡಿ ಇರುತ್ತವೆ. 7 ದಿನ ಇಟ್ಟುಕೊಳ್ಳಬಹುದು. ಮಗಳ ಲೈಬ್ರರಿ ಕಾರ್ಡಿನಲ್ಲಿ ಮೊದಲೇ ಕಾಯ್ದಿರಿಸಲು ಹೇಳಿ. ಆದರೆ ರಾಕಿ ಮೌಂಟನ್ ನ್ಯಾಷನಲ್ ಪಾರ್ಕಿಗೆ ಈ ಪಾಸ್ ನಡೆಯುವುದಿಲ್ಲ. ಅದು ಕೇಂದ್ರ ಸರ್ಕಾರದ್ದು, ಟಿಕೆಟ್ ಬೇರೆ.

ನಾನು ತಮ್ಮನ ಮನೆಗೆ ಹೋಗಿದ್ದಾಗ ಅವನ ಮಗಳನ್ನು ಕ್ಯಾಸಲ್‌ವುಡ್ ಕ್ಯಾನ್ಯನ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಬೈನಾಕ್ಯುಲರ್‌ನಲ್ಲಿ ಏನೂ ಕಾಣದೆ ಮಗು ಅಳುಮುಖ ಮಾಡಿತು. ನೋಡಿದರೆ ಎರಡು ಕೊಳವೆಗಳೂ ದೊಡ್ಡವರ ಕಣ್ಣಿನ ಅಳತೆಗಿದ್ದವು. ನಡುವೆ ಬಗ್ಗಿಸಿ ಹತ್ತಿರ ತಂದೆ, ಚಕ್ರವನ್ನು ನಿಧಾನವಾಗಿ ತಿರುಗಿಸಿದೆ. 'ದೊಡ್ಡತ್ತೆ, ಅದರ ತಲೆ ಕೆಂಪು!' ಅಂದಳು. ಬಂಡೆಯ ಮೇಲೆ ರಣಹದ್ದು ಸುತ್ತುತ್ತಿತ್ತು. ಆಮೇಲೆ ಬೈನಾಕ್ಯುಲರನ್ನು ಕೊರಳಿಂದ ತೆಗೆಯಲೇ ಇಲ್ಲ.

ಕೈಪಿಡಿ ಪೂರ್ತಿ ಮುಗಿಸಬೇಕು ಅಂತ ಒತ್ತಾಯ ಮಾಡಬೇಡಿ. ಸುಮ್ನೆ ಒಂದು ಪಾಂಡರೋಸಾ ಪೈನ್ ಮರದ ಹತ್ತಿರ ನಿಲ್ಲಿಸಿ, ತೊಗಟೆಯ ಬಿರುಕಿಗೆ ಮೂಗು ಹಚ್ಚಿಸಿ. ಬಿಸಿಲು ಬಿದ್ದಿದ್ದರೆ ವೆನಿಲಾ ಐಸ್‌ಕ್ರೀಮಿನ ವಾಸನೆ! ಡೆನ್ವರ್ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಬೇಗ ಸುಸ್ತಾಗುತ್ತದೆ. ಇಬ್ಬರಿಗೂ ನೀರಿನ ಬಾಟಲಿ ಬೇರೆ ಬೇರೆ ಇರಲಿ.