ಸಿಇಎ ಹೆಚ್ಚಿದೆ, ಕೊಲೊನೋಸ್ಕೋಪಿ ಸರಿಯಾಗಿದೆ: ಇಲ್ಲಿಗೇ ಬಿಡಬಹುದೇ?

ಆರೋಗ್ಯ ತಪಾಸಣೆಯ ಪ್ಯಾಕೇಜಿನಲ್ಲಿ ನಿಮ್ಮ ತಂದೆಯವರ ಸಿಇಎ (ಕೆಲವು ಕ್ಯಾನ್ಸರುಗಳಲ್ಲಿ ರಕ್ತದಲ್ಲಿ ಏರುವ ಒಂದು ಪ್ರೋಟೀನ್) 14 ಬಂದಿದೆ, ದೊಡ್ಡ ಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಕೊಲೊನೋಸ್ಕೋಪಿಯಲ್ಲಿ ಏನೂ ಕಾಣಲಿಲ್ಲ, ಇನ್ನು ಸುಮ್ಮನಿರಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಸುಮ್ಮನಿರಬೇಡಿ. ನಾನು ವೈದ್ಯನಲ್ಲ, ಆದರೆ ನನ್ನ ಥೈರಾಯ್ಡಿನಲ್ಲಿದ್ದ ಮೆಡ್ಯುಲರಿ ಕ್ಯಾನ್ಸರ್ ಪತ್ತೆಯಾದದ್ದು ಇದೇ ದಾರಿಯಲ್ಲಿ.

ಸಿಇಎ ಏರಿದೆಯೆಂದರೆ ಎಲ್ಲರೂ ಮೊದಲು ದೊಡ್ಡ ಕರುಳನ್ನು ನೋಡುತ್ತಾರೆ, ಅದು ಸರಿಯೇ. ಧೂಮಪಾನ, ಯಕೃತ್ತಿನ ಕಾಯಿಲೆ, ಕರುಳಿನ ಉರಿಯೂತಗಳಿಂದಲೂ ಅದು ಏರುವುದುಂಟು. ಆದರೆ ಥೈರಾಯ್ಡ್ ಗ್ರಂಥಿಯ ಸಿ ಕೋಶಗಳಲ್ಲಿ ಹುಟ್ಟುವ ಮೆಡ್ಯುಲರಿ ಕ್ಯಾನ್ಸರ್ ಕೂಡ ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನಿನ ಜೊತೆಗೆ ಸಿಇಎಯನ್ನು ರಕ್ತಕ್ಕೆ ಬಿಡುತ್ತದೆ. ಥೈರಾಯ್ಡ್ ಕ್ಯಾನ್ಸರುಗಳಲ್ಲಿ ಇದರ ಪಾಲು ಶೇಕಡಾ 5ನ್ನು ಮೀರದ ಕಾರಣ ಇದು ಬೇಗ ಯಾರಿಗೂ ಹೊಳೆಯುವುದಿಲ್ಲ. ಆ ಕೋಶಗಳು ಥೈರಾಯ್ಡ್ ಹಾರ್ಮೋನನ್ನು ತಯಾರಿಸುವುದಿಲ್ಲವಾದ್ದರಿಂದ ಸಾಮಾನ್ಯ ಥೈರಾಯ್ಡ್ ರಕ್ತಪರೀಕ್ಷೆಯಾದ ಟಿಎಸ್‌ಎಚ್ ಸರಿಯಾಗಿಯೇ ಇರಬಹುದು. ನನ್ನದು ಕೊನೆಯವರೆಗೂ ಸರಿಯಾಗಿತ್ತು, ಕತ್ತಿನಲ್ಲಿ ಗಂಟು ಕೈಗೂ ಸಿಕ್ಕಿರಲಿಲ್ಲ.

ಆದ್ದರಿಂದ ಎಂಡೋಕ್ರೈನಾಲಜಿಸ್ಟರನ್ನು (ಹಾರ್ಮೋನು ತಜ್ಞರನ್ನು) ಕಂಡು, ಸೀರಮ್ ಕ್ಯಾಲ್ಸಿಟೋನಿನ್ ಪರೀಕ್ಷೆ ಮತ್ತು ಕತ್ತಿನ ಅಲ್ಟ್ರಾಸೌಂಡ್ ಅಗತ್ಯವೇ ಎಂದು ನೇರವಾಗಿ ಕೇಳಿ. ತಂದೆಯವರು ಗ್ಯಾಸ್ಟ್ರಿಕ್‌ಗೆಂದು ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಮರೆಯದೆ ಹೇಳಿ. ಕ್ಯಾಲ್ಸಿಟೋನಿನ್ ಅದರಿಂದಲೂ, ಮೂತ್ರಪಿಂಡದ ತೊಂದರೆಯಿಂದಲೂ ಸ್ವಲ್ಪ ಏರುತ್ತದೆ. ಆ ಎರಡು ಪರೀಕ್ಷೆಗಳೂ ಸರಿಯಿದ್ದರೆ ಸಿಇಎಯನ್ನು ಕೆಲವು ವಾರಗಳ ನಂತರ ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಿ, ಏರುತ್ತಿದೆಯೇ ನಿಂತಿದೆಯೇ ಎಂದು ನೋಡುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಆರೋಗ್ಯವಂತರೆಲ್ಲರೂ ಸಿಇಎಯಂಥ ಟ್ಯೂಮರ್ ಮಾರ್ಕರ್‌ಗಳ ಪ್ಯಾಕೇಜು ಮಾಡಿಸಬೇಕೆಂದು ನಾನು ಹೇಳುತ್ತಿಲ್ಲ. ಸಿಇಎ ಅಂಥ ಬಳಕೆಗೆ ಶಿಫಾರಸಾದ ಪರೀಕ್ಷೆಯಲ್ಲ, ಸುಳ್ಳು ಭಯ ಹುಟ್ಟಿಸುವುದೇ ಹೆಚ್ಚು. ಒಮ್ಮೆ ಏರಿಕೆ ಕಂಡಮೇಲೆ ಮಾತ್ರ ಕಾರಣ ಹುಡುಕದೆ ಬಿಡಬಾರದು.

ಒಂದು ವೇಳೆ ಎಫ್‌ಎನ್‌ಎಸಿಯಲ್ಲಿ (ಗಂಟಿನಿಂದ ಸಣ್ಣ ಸೂಜಿಯಲ್ಲಿ ಕೋಶಗಳನ್ನು ತೆಗೆದು ನೋಡುವ ಪರೀಕ್ಷೆಯಲ್ಲಿ) ಮೆಡ್ಯುಲರಿ ಎಂದೇ ಬಂದರೆ, ಮುಖ್ಯ ಚಿಕಿತ್ಸೆ ಇಡೀ ಥೈರಾಯ್ಡನ್ನೂ ಪಕ್ಕದ ಲಿಂಫ್ ಗ್ರಂಥಿಗಳನ್ನೂ ತೆಗೆಯುವ ಶಸ್ತ್ರಚಿಕಿತ್ಸೆ. ಸಿ ಕೋಶಗಳು ಅಯೋಡಿನ್ ಹೀರುವುದಿಲ್ಲವಾಗಿ ರೇಡಿಯೋ ಅಯೋಡಿನ್ ಇಲ್ಲಿ ಕೆಲಸಕ್ಕೆ ಬಾರದು. ಶಸ್ತ್ರಚಿಕಿತ್ಸೆಗೂ ಮೊದಲು, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ ಫಿಯೋಕ್ರೊಮೊಸೈಟೋಮಾ ಎಂಬ ಗೆಡ್ಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಅದು ತಿಳಿಯದೆ ಅರಿವಳಿಕೆ ಕೊಟ್ಟರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಏರಬಹುದು. ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಈ ಕಾಯಿಲೆ ವಂಶದಿಂದ ಬಂದಿರುತ್ತದೆ. ಹಾಗಾಗಿ ತಂದೆಯವರ ಆರ್‌ಇಟಿ ಜೀನ್ ಪರೀಕ್ಷೆ ಮಾಡಿಸಿ. ಅದರಲ್ಲಿ ದೋಷ ಸಿಕ್ಕಿದರೆ ನೀವೂ ನಿಮ್ಮ ಒಡಹುಟ್ಟಿದವರೂ ತಡಮಾಡದೆ ಪರೀಕ್ಷಿಸಿಕೊಳ್ಳಬೇಕಾಗುತ್ತದೆ.