ಮಗನ ಪಾಸ್‌ಪೋರ್ಟು, ಪಕ್ಕದ ತೋಟ

ಪ್ರಶ್ನೆ: ನಮ್ಮದು ಸುಳ್ಯ ತಾಲ್ಲೂಕಿನ ಒಳಹಳ್ಳಿ. ಯಜಮಾನರು ತೀರಿಕೊಂಡು 6 ವರ್ಷವಾಯಿತು. ವೀಲುನಾಮೆ ಬರೆದಿಲ್ಲ, ಆರ್‌ಟಿಸಿಯಲ್ಲಿ ಈಗಲೂ ಅವರ ಹೆಸರೇ ಇದೆ. ಒಬ್ಬನೇ ಮಗ, 14 ವರ್ಷದಿಂದ ಅಮೆರಿಕದಲ್ಲಿದ್ದಾನೆ. ಕಳೆದ ವರ್ಷ ಅಲ್ಲಿನ ಪೌರತ್ವ ತೆಗೆದುಕೊಂಡ. ಪಕ್ಕದವರು ಹಳದಿ ಎಲೆ ರೋಗದಿಂದ ಸೋತು 2 ಎಕರೆ 40 ಸೆಂಟ್ಸ್ ಅಡಿಕೆ ತೋಟ ಮಾರುತ್ತಿದ್ದಾರೆ. ಮಗ ಕೊಳ್ಳುತ್ತೇನೆ ಎಂದರೆ, ಓಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡು) ಇದ್ದರೂ ಆಗುವುದಿಲ್ಲ ಎಂದು ದಸ್ತಾವೇಜು ಬರೆಯುವವರು ಹೇಳಿದರು. ಭಾವನ ಮಗನ ಹೆಸರಿಗೆ ಮಾಡಿಸಿ ಎಂದು ಕೆಲವರು ಹೇಳುತ್ತಾರೆ. ನಮ್ಮ ತೋಟವೂ ಕೈಬಿಟ್ಟು ಹೋಗುತ್ತದೆಯೇ? ಅವನು ಅಮೆರಿಕದಲ್ಲಿ ಪೌರತ್ವ ಸಿಗುವ ಮೊದಲೇ ಮನೆ ಕೊಂಡ, ಯಾರೂ ತಡೆಯಲಿಲ್ಲ. ಹುಟ್ಟಿದ ಊರಲ್ಲೇ ಅವನು ಪರದೇಶಿಯೇ? ಇದು ಯಾವ ನ್ಯಾಯ?
— ಓರ್ವ ತಾಯಿ, ಸುಳ್ಯ ತಾಲ್ಲೂಕು

ಉತ್ತರ: ಅಕ್ಕಾ, ನಿಮ್ಮ ಕಾಗದದಲ್ಲಿ ಹೆದರಿಕೆ ಇರುವುದು ಸ್ವಂತ ತೋಟದ ಬಗ್ಗೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ಆ ತೋಟ ಎಲ್ಲಿಗೂ ಹೋಗುವುದಿಲ್ಲ. ಯಜಮಾನರು ತೀರಿಕೊಂಡ ದಿನವೇ ಅದು ನಿಮಗೂ ಮಗನಿಗೂ ಬಂದಾಯಿತು. 1999ರ ವಿದೇಶಿ ವಿನಿಮಯ ಕಾಯ್ದೆ, ಅಂದರೆ ಫೆಮಾ, ಭಾರತದಲ್ಲಿ ವಾಸವಿದ್ದವರಿಂದ ಪಿತ್ರಾರ್ಜಿತವಾಗಿ ಬಂದ ಆಸ್ತಿಯನ್ನು ಹೊರದೇಶದಲ್ಲಿರುವವರು ಇಟ್ಟುಕೊಳ್ಳಬಹುದು ಎನ್ನುತ್ತದೆ. ಅಡಿಕೆ ತೋಟವಾದರೂ ಸರಿ, ಗದ್ದೆಯಾದರೂ ಸರಿ. ಆಮೇಲೆ ಪಾಸ್‌ಪೋರ್ಟು ಬದಲಾಯಿತೆಂದು ಆ ಹಕ್ಕು ಕಳಚುವುದಿಲ್ಲ. ಮುಂದೆ ಎಂದಾದರೂ ಮಾರುವುದಾದರೆ ಮಾತ್ರ, ಇಲ್ಲಿ ವಾಸವಿರುವ ಭಾರತೀಯ ಪ್ರಜೆಗೇ ಮಾರಬೇಕು. ನಾಳೆಯೇ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಕೊಡಿ. ತೀರಿಹೋದವರ ಹೆಸರಿನಲ್ಲಿ ಆರ್‌ಟಿಸಿ ಹಾಗೇ ಬಿಡುವುದು ನಮ್ಮ ಕಡೆ ಮನೆಮನೆಯ ಅಭ್ಯಾಸ, ಮೊಮ್ಮಕ್ಕಳ ಕಾಲಕ್ಕೆ ಅದೇ ದೊಡ್ಡ ತಗಾದೆಯಾಗುತ್ತದೆ.

ಆದರೆ ನಿಮ್ಮ ಪಾಲನ್ನು ಈಗಲೇ ಮಗನಿಗೆ ದಾನಪತ್ರ ಮಾಡಿಕೊಡಲು ಹೋಗಬೇಡಿ. ಕೃಷಿ ಭೂಮಿಯನ್ನು ಓಸಿಐ ಇರುವವರಿಗೆ ದಾನ ಕೊಡುವಂತಿಲ್ಲ. ವೀಲುನಾಮೆ ಬರೆಯಬಹುದು, ಅದಕ್ಕೆ ಅಡ್ಡಿ ಇಲ್ಲ. ದಾನದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಎನ್ನಲು ಕಾರಣವಿದೆ. ಬೆಂಗಳೂರಿನಲ್ಲಿ ವಿದೇಶಿ ಮಹಿಳೆಯೊಬ್ಬರು 1977ರಲ್ಲಿ ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲದೆ ಆಸ್ತಿಯನ್ನು ದಾನ ಕೊಟ್ಟಿದ್ದರು. ಆಗ ಇದ್ದದ್ದು ಫೆಮಾಕ್ಕೆ ಮುಂಚಿನ ವಿದೇಶಿ ವಿನಿಮಯ ಕಾಯ್ದೆ, 1973ರ ಫೆರಾ. 2021ರಲ್ಲಿ, 44 ವರ್ಷದ ಮೇಲೆ, ಆ ದಾನ ಊರ್ಜಿತವಲ್ಲ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು.

ಪಕ್ಕದ ತೋಟವನ್ನು ಮಗ ಕೊಳ್ಳುವಂತಿಲ್ಲ. ದಸ್ತಾವೇಜು ಬರೆಯುವವರು ಸರಿಯಾಗಿಯೇ ಹೇಳಿದ್ದಾರೆ. ಓಸಿಐ ಇದ್ದವರು ಮನೆ, ಫ್ಲ್ಯಾಟು, ಅಂಗಡಿ ಕೊಳ್ಳಬಹುದು. ಕೃಷಿ ಭೂಮಿ, ತೋಟದ ಮನೆ, ಪ್ಲಾಂಟೇಷನ್ ಈ ಮೂರು ಬಿಟ್ಟು. ಭಾರತದ ಪಾಸ್‌ಪೋರ್ಟು ಇಟ್ಟುಕೊಂಡೇ ಹೊರಗೆ ದುಡಿಯುವ ಎನ್‌ಆರ್‌ಐಗಳಿಗೂ ಈ ಮೂರರ ಬಾಗಿಲು ಮುಚ್ಚಿದೆ. ಇದು ಎಷ್ಟೋ ಮಂದಿಗೆ ಗೊತ್ತಿಲ್ಲ. ಹಾಗಾಗಿ ಪೌರತ್ವ ಬದಲಿಸಿದ್ದಕ್ಕೇ ಹೀಗಾಯಿತು ಎಂದು ಮಗನ ಮೇಲೆ ಬೇಸರ ಮಾಡಬೇಡಿ.

ಭಾವನ ಮಗನ ಹೆಸರಿಗೆ ಮಾಡಿಸುವ ಉಪಾಯವನ್ನು ಮಾತ್ರ ದಯಮಾಡಿ ಬಿಟ್ಟುಬಿಡಿ. ಹಣ ಒಬ್ಬರದು, ಹೆಸರು ಇನ್ನೊಬ್ಬರದು ಎಂದರೆ ಬೇನಾಮಿ. 2016ರ ತಿದ್ದುಪಡಿಯ ಮೇಲೆ ಆಸ್ತಿ ಸರ್ಕಾರಕ್ಕೆ ಮುಟ್ಟುಗೋಲು, 1ರಿಂದ 7 ವರ್ಷ ಜೈಲು. ಫೆಮಾ ದಂಡವೂ ಬೀಳಬಹುದು, ಅದು ತೊಡಗಿಸಿದ ಹಣದ ಮೂರು ಪಟ್ಟಿನವರೆಗೂ ಹೋಗುತ್ತದೆ. ಕಾನೂನಿನ ಮಾತು ಹಾಗಿರಲಿ. ನನ್ನ ಮೇಜಿನ ಆಚೆ ಕುಳಿತು ಅತ್ತ ಅಣ್ಣತಮ್ಮಂದಿರ ನೆನಪು ನನಗಿದೆ. ಕುವೈತಿನಿಂದ ಅಣ್ಣ ಹಣ ಕಳಿಸಿದ, ತಮ್ಮನ ಹೆಸರಿಗೆ ತೋಟ ಆಯಿತು. ತಮ್ಮ ಒಳ್ಳೆಯವನೇ. ಆದರೆ ಅವನು ತೀರಿಕೊಂಡ ಮೇಲೆ ಅವನ ಮಕ್ಕಳು 'ದೊಡ್ಡಪ್ಪನ ಹಣ ಅಂತ ಕಾಗದ ಎಲ್ಲಿದೆ' ಎಂದು ಕೇಳಿದರು. ಅಣ್ಣನ ಕೈಯಲ್ಲಿ ಇದ್ದದ್ದು ಬ್ಯಾಂಕಿನ ಹಳೇ ಚೀಟಿಗಳು. ಕೋರ್ಟಿಗೆ ಹೋದರೆ ತಾನು ಬೇನಾಮಿ ಮಾಡಿದೆ ಎಂದು ತಾನೇ ಒಪ್ಪಿಕೊಂಡ ಹಾಗೆ. ಅವರು ಆ ಚೀಟಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಎದ್ದು ಹೋದರು.

ನಿಮಗಿರುವ ನೇರ ದಾರಿ ಇದು: ತೋಟವನ್ನು ನೀವೇ ನಿಮ್ಮ ಹೆಸರಿಗೆ ಕೊಳ್ಳಿ. ಮಗ ಅಮ್ಮನಿಗೆ ಬ್ಯಾಂಕಿನ ಮೂಲಕ ಹಣ ಉಡುಗೊರೆ ಕೊಡಬಹುದು, ಅದಕ್ಕೆ ನಿಮಗೆ ಆದಾಯ ತೆರಿಗೆ ಬರುವುದಿಲ್ಲ. ಆದರೆ ಅದು ನಿಜವಾದ ಉಡುಗೊರೆ ಆಗಿರಬೇಕು, ತೋಟ ನಿಜವಾಗಿ ನಿಮ್ಮದೇ ಆಗಬೇಕು, ಅಡಿಕೆ ಮಾರಿದ ದುಡ್ಡು ನಿಮ್ಮ ಖಾತೆಗೇ ಬರಬೇಕು. ನಿಮ್ಮ ಕಾಲದ ಮೇಲೆ ಅದು ಮಗನಿಗೆ ಪಿತ್ರಾರ್ಜಿತವಾಗಿ ಹೋಗುತ್ತದೆ. ಹಳದಿ ರೋಗ ಹಿಡಿದ ತೋಟ ಎಂಬುದನ್ನು ಮರೆಯದೆ ಕ್ರಯ ಮಾತಾಡಿ.

ಇನ್ನು ನ್ಯಾಯದ ಪ್ರಶ್ನೆ. 'ಅಮೆರಿಕದಲ್ಲಿ ಯಾರೂ ತಡೆಯಲಿಲ್ಲ' ಎಂದಿರಿ. ಅವನು ಕೊಂಡದ್ದು ಮನೆ. ಹೊಲ ಕೊಳ್ಳಲು ಅಯೋವಾ ರಾಜ್ಯಕ್ಕೆ ಹೋಗಿದ್ದರೆ, ಅಮೆರಿಕದಲ್ಲಿ ಕಾಯಂ ವಾಸದ ಅನುಮತಿ ಇಲ್ಲದ ವಿದೇಶಿಯರಿಗೆ ಕೃಷಿ ಭೂಮಿ ಕೊಡುವುದಿಲ್ಲ ಎಂಬ ಕಾನೂನು ಎದುರಾಗಬಹುದಿತ್ತು. ಇಡೀ ಅಮೆರಿಕದಲ್ಲಿ ಕೃಷಿ ಭೂಮಿ ಹಿಡಿದ ವಿದೇಶಿಯರು ಸರ್ಕಾರಕ್ಕೆ ಲೆಕ್ಕ ಒಪ್ಪಿಸಬೇಕೆಂದು 1978ರಿಂದ ಕಾಯ್ದೆ ಇದೆ. ಥಾಯ್ಲೆಂಡಿನಲ್ಲಿ ಫ್ಲ್ಯಾಟು ಕೊಳ್ಳಬಹುದು, ಅದೂ ಒಂದು ಕಟ್ಟಡದ ಶೇ. 49ರಷ್ಟು ಮಾತ್ರ ವಿದೇಶಿಯರಿಗೆ, ನೆಲ ಇಲ್ಲ. ಕೆನಡಾ 2023ರ ಜನವರಿಯಿಂದ ವಿದೇಶಿಯರು ವಾಸದ ಮನೆ ಕೊಳ್ಳುವುದನ್ನೇ ನಿಲ್ಲಿಸಿತು. ನಮ್ಮ ದೇಶ ಒಂದೇ ಹೀಗಲ್ಲ.

ಹಾಗೆಂದು ಇಂಥ ಕಾನೂನೆಲ್ಲ ಒಳ್ಳೆಯದು ಎಂದೂ ನಾನು ಹೇಳಲಾರೆ. ಕ್ಯಾಲಿಫೋರ್ನಿಯಾ 1913ರಲ್ಲಿ, ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ಕೃಷಿ ಭೂಮಿ ಹೊಂದುವಂತಿಲ್ಲ ಎಂದು ಕಾನೂನು ಮಾಡಿತು. ಗುರಿ ಇಟ್ಟದ್ದು ಜಪಾನೀಯರ ಮೇಲೆ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂದ್ ಎಂಬವರ ಮೊಕದ್ದಮೆಯಲ್ಲಿ ಭಾರತೀಯರಿಗೂ ಪೌರತ್ವ ಸಲ್ಲದು ಎಂದ ಮೇಲೆ ಅದು ನಮ್ಮವರಿಗೂ ತಗಲಿತು. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಬೆವರು ಸುರಿಸಿ ಉಳುತ್ತಿದ್ದ ಪಂಜಾಬಿ ರೈತರು ಹೆಂಡತಿ ಮಕ್ಕಳ ಹೆಸರಿನಲ್ಲಿ, ಪರಿಚಯದ ಬಿಳಿಯರ ಹೆಸರಿನಲ್ಲಿ ಹೊಲ ಇಡಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೋದ ವ್ಯಾಪಾರಿ ವೈಷ್ಣೋ ದಾಸ್ ಬಗಾಯಿ ಅವರ ಪೌರತ್ವವನ್ನೇ ಕಿತ್ತುಕೊಂಡರು, ಅಂಗಡಿ ಮನೆ ಹೋಯಿತು, 1928ರಲ್ಲಿ ಅವರು ಪ್ರಾಣ ಕಳೆದುಕೊಂಡರು. ಆ ನೆಲದಲ್ಲೇ ಬದುಕಿ, ಆ ನೆಲದಲ್ಲೇ ಉಳುತ್ತಿದ್ದವರನ್ನು ಬಣ್ಣ ನೋಡಿ ಹೊರಗಿನವರು ಎಂದದ್ದು ಆ ಕಾನೂನು. ಅದು ಅನ್ಯಾಯ.

ನಾನು ಅಳೆಯುವುದು ಒಡೆಯನಿಗೂ ನೆಲಕ್ಕೂ ಇರುವ ದೂರವನ್ನು. ಅದಕ್ಕೆ ಕಾರಣ ನನ್ನ ಅಜ್ಜ. ವಿಟ್ಲದ ಕಡೆ ಅವರು ಚಾಲಗೇಣಿ ಒಕ್ಕಲು, ಅಂದರೆ ಧಣಿ ಬೇಡ ಎಂದರೆ ಭೂಮಿ ಬಿಡಬೇಕಾದ ಗೇಣಿದಾರ, ಧಣಿಗಳು ಇದ್ದದ್ದು ಮಂಗಳೂರಿನಲ್ಲಿ. ಗೇಣಿ ಅಕ್ಕಿಯನ್ನು ಅಂಗಳದಲ್ಲಿ ಬೈಹುಲ್ಲಿನೊಳಗೆ ತುಂಬಿ, ಹುಲ್ಲಿನ ಹಗ್ಗ ಬಿಗಿದು, ಮರದ ಕೊಡತಿಯಿಂದ ಬಡಿದು ಬಡಿದು ಮುಡಿ ಕಟ್ಟುತ್ತಿದ್ದರು. ಮುಡಿ ಕಲ್ಲಿನಂತೆ ಗಟ್ಟಿ ಆಗಬೇಕು, ಇಲ್ಲದಿದ್ದರೆ ಧಣಿಗಳ ಕಣಜದ ಬಾಗಿಲಿನಿಂದಲೇ ವಾಪಸು. ಕಟ್ಟ ಒಡೆದು ಗದ್ದೆಗೆ ಮರಳು ನುಗ್ಗಿದ ವರ್ಷವೂ ಧಣಿಗಳು ಬಂದು ನೋಡಲಿಲ್ಲ, ಗೇಣಿ ಕಡಿಮೆ ಆಗಲಿಲ್ಲ. ಅವರು ಕೆಟ್ಟವರೇನಲ್ಲ. ದೂರ ಇದ್ದರು, ಕಾಣಲಿಲ್ಲ. 1974ರ ಭೂ ಸುಧಾರಣೆ ಬಂದಾಗ ಅಜ್ಜ ಉಳುವವನು ನಾನೇ ಎಂದು ಡಿಕ್ಲರೇಶನ್ ಕೊಟ್ಟರು, ಭೂಮಿ ಆಯಿತು. ದೇವರಾಜ ಅರಸರ ಫೋಟೋ ನಮ್ಮ ಚಾವಡಿಯಲ್ಲಿ ಈಗಲೂ ಇದೆ. ಒಡೆತನ ಮತ್ತೆ ದೂರ ಹೋಗುವುದು ಎಂದರೆ ನನಗೆ ಆ ಅಂಗಳ ಕಾಣುತ್ತದೆ. ಡಾಲರಿನ ಹಣಕ್ಕೂ ನಮ್ಮ ಅಡಿಕೆ ಬೆಳೆಗಾರನ ಹಣಕ್ಕೂ ಒಂದೇ ಸಂತೆಯಲ್ಲಿ ಪೈಪೋಟಿ ಬಿಟ್ಟರೆ ಎಕರೆಯ ಕ್ರಯ ಏನಾಗುತ್ತದೆ, ಊರಿನ ಹುಡುಗ ತೋಟ ಕೊಳ್ಳುವುದು ಯಾವಾಗ, ನೀವೇ ಯೋಚನೆ ಮಾಡಿ.

ಹಾಗಾದರೆ 2020ರಲ್ಲಿ ನಮ್ಮ ರಾಜ್ಯವೇ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದು, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದು ಮಾಡಿತಲ್ಲ ಎಂದು ನೀವು ಕೇಳಬಹುದು. ಅದನ್ನೂ ನಾನು ಒಪ್ಪಿಲ್ಲ. ಬೆಂಗಳೂರಿನಲ್ಲಿದ್ದುಕೊಂಡು ಬೀಗ ಹಾಕಿದ ಗೇಟಿನ ಒಳಗೆ ಅಡಿಕೆ ಉದುರಲು ಬಿಟ್ಟ ತೋಟಗಳನ್ನು ನಾನು ನೋಡುತ್ತಿದ್ದೇನೆ. ಅದೂ ದೂರವೇ. ಅದೇ ತಕ್ಕಡಿಯಲ್ಲಿ ತೂಗಿದರೆ, ನಿಮ್ಮ ಮಗ ನಾಳೆ ಕುಟುಂಬ ಸಮೇತ ಬಂದು ಹಳ್ಳಿಯಲ್ಲಿ ನೆಲೆಸಿ ತೋಟ ಮಾಡುತ್ತೇನೆ ಎಂದರೆ ಅವನಿಗೆ ಕೊಳ್ಳಲು ಅವಕಾಶ ಇರಬೇಕು. ಇಂತಿಷ್ಟು ವರ್ಷ ಇಲ್ಲೇ ವಾಸ ಎಂಬ ಷರತ್ತು ಹಾಕಿ ಕಾನೂನು ತಿದ್ದಬೇಕು ಎಂಬುದು ನನ್ನ ಆಸೆ. ಸದ್ಯಕ್ಕೆ ಇರುವ ದಾರಿ ಉದ್ದವಾದದ್ದು: ಓಸಿಐ ಆಗಿ 5 ವರ್ಷ ತುಂಬಿ, ಅರ್ಜಿಗೆ ಮುಂಚಿನ 12 ತಿಂಗಳು ಇಲ್ಲೇ ವಾಸವಿದ್ದವರು ಭಾರತದ ಪೌರತ್ವ ಮರಳಿ ಕೇಳಬಹುದು. ಎರಡು ಪೌರತ್ವ ಇಲ್ಲಿ ನಡೆಯುವುದಿಲ್ಲ, ಅಲ್ಲಿಯದನ್ನು ಬಿಡಬೇಕು.

ಪ್ರಶ್ನೆ: ಕುಂದಾಪುರದವನು, ದುಬೈಯಲ್ಲಿ 18 ವರ್ಷದಿಂದ ಇದ್ದೇನೆ, ಭಾರತದ ಪಾಸ್‌ಪೋರ್ಟೇ. ಇಲ್ಲಿ ಫ್ಲ್ಯಾಟು ಕೊಂಡಿದ್ದೇನೆ. ಹೊರಗಿನವರಿಗೆ ಬಿಟ್ಟದ್ದರಿಂದ ದುಬೈ ಬೆಳೆಯಿತು, ಭಾರತವೂ ಬಿಡಬಾರದೇ? ಊರಲ್ಲಿ ಮನೆ ಕಟ್ಟಲು 12 ಸೆಂಟ್ಸ್ ನೋಡಿದ್ದೇನೆ, ಕೊಳ್ಳಬಹುದೇ?

ಉತ್ತರ: ದುಬೈ 2002ರಲ್ಲಿ ಬಾಗಿಲು ತೆರೆಯಿತು, 2006ರಲ್ಲಿ ಕಾನೂನು ಮಾಡಿತು. ಅದೂ ಸರ್ಕಾರ ಗುರುತು ಮಾಡಿದ ಪ್ರದೇಶಗಳಲ್ಲಿ ಮಾತ್ರ, ಹೆಚ್ಚಿನಂಶ ಮರಳಿನ ಮೇಲೆ ಎದ್ದ ಕಟ್ಟಡಗಳಲ್ಲಿ. ಆ ನೆಲವನ್ನು ಉತ್ತು ಉಂಡವರು ಇರಲಿಲ್ಲ, ಯಾರ ಗದ್ದೆಯೂ ಹೋಗಲಿಲ್ಲ.

ಉಳುವ ನೆಲದ ಕಥೆ ಬೇರೆ. ಗುಲಾಬಿ ಬೆಳೆದು ಹೆಸರಾದ ನಮ್ಮ ಬೆಂಗಳೂರಿನದೇ ಒಂದು ಕಂಪನಿ ಇಥಿಯೋಪಿಯಾದ ಗಾಂಬೆಲಾದಲ್ಲಿ 1 ಲಕ್ಷ ಹೆಕ್ಟೇರು, ಅಂದರೆ ಹೆಚ್ಚುಕಡಿಮೆ ಎರಡೂವರೆ ಲಕ್ಷ ಎಕರೆ, ಗುತ್ತಿಗೆ ಹಿಡಿಯಿತು. ಅದು ಅನುವಾಕ್ ಜನ ತಲೆಮಾರುಗಳಿಂದ ಉತ್ತು, ಮೀನು ಹಿಡಿದು ಬದುಕಿದ ಸೀಮೆ. 2011ರಲ್ಲಿ ಬಾರೋ ನದಿ ಉಕ್ಕಿ ಮೆಕ್ಕೆಜೋಳದ ಬೆಳೆ ಕೊಚ್ಚಿಹೋಯಿತು. ನೆರೆ ಎಲ್ಲಿಯವರೆಗೆ ಏರುತ್ತದೆ ಎಂಬುದು ದಡದಲ್ಲಿ ಹುಟ್ಟಿದವರಿಗೆ ಗೊತ್ತಿರುವ ಸಂಗತಿ. 2015ರ ಕೊನೆಗೆ ಅಲ್ಲಿನ ಸರ್ಕಾರ ಗುತ್ತಿಗೆ ರದ್ದು ಮಾಡಿತು. ಅಲ್ಲಿ ದೂರದ ಧಣಿಗಳು ನಾವೇ ಆಗಿದ್ದೆವು, ಅದು ನನಗೆ ನೋವಿನ ವಿಷಯ.

ನಿಮ್ಮ 12 ಸೆಂಟ್ಸ್ ವಿಷಯ: ಮನೆ ಜಾಗವಾಗಿ ಪರಿವರ್ತನೆ ಆಗಿದ್ದರೆ ಧಾರಾಳ ಕೊಳ್ಳಬಹುದು. ಹಣ ಎನ್‌ಆರ್‌ಐಗಳಿಗೆಂದು ಬ್ಯಾಂಕಿನಲ್ಲಿರುವ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದ, ಇಲ್ಲವೇ ದುಬೈಯಿಂದ ನೇರ ಬ್ಯಾಂಕಿನ ಮೂಲಕ ಬರಬೇಕು. ನಗದು ಬೇಡ. 'ಪರಿವರ್ತನೆಗೆ ಅರ್ಜಿ ಕೊಟ್ಟಿದೆ, ಈಗ ಆಗುತ್ತದೆ' ಎಂಬ ಮಾತು ನಂಬಿ ಕರಾರು ಮಾಡಬೇಡಿ. ಪರಿವರ್ತನೆ ಆದೇಶದ ಪ್ರತಿ, ನಕ್ಷೆ, ಋಣಭಾರ ಪ್ರಮಾಣಪತ್ರ ಕೈಗೆ ಬಂದ ಮೇಲೆ ಮುಂಗಡ ಕೊಡಿ.