ಅತಿಥಿ ಉಪನ್ಯಾಸಕನಾಗಿ ಸೇರಲೋ, ಥೀಸಿಸ್ ಮುಗಿಸಲೋ?

ನೀವು ಕೇಳಿರುವುದು ಇಷ್ಟು. ಗಣಿತದಲ್ಲಿ ಎಂ.ಎಸ್ಸಿ ಆಗಿದೆ, ಕೆ-ಸೆಟ್ (ರಾಜ್ಯದ ಉಪನ್ಯಾಸಕ ಅರ್ಹತಾ ಪರೀಕ್ಷೆ) ಪಾಸಾಗಿದೆ, ಪಿಎಚ್‌ಡಿ ನಾಲ್ಕನೇ ವರ್ಷ ನಡೀತಿದೆ. ಹತ್ತಿರದ ವಿಶ್ವವಿದ್ಯಾಲಯದ ಗಣಿತ ವಿಭಾಗಕ್ಕೆ ಅತಿಥಿ ಉಪನ್ಯಾಸಕರು ಬೇಕಂತೆ. ಈಗಲೇ ಸೇರಿಕೊಂಡರೆ ಮುಂದೆ ಕಾಯಂ ಹುದ್ದೆ ಕರೆದಾಗ ಅನುಕೂಲ ಆಗುತ್ತಾ?

ಮನೆ ನಡೆಯೋದೇ ಕಷ್ಟ ಅನ್ನುವ ಸ್ಥಿತಿ ಇಲ್ಲದಿದ್ದರೆ ಈಗ ಸೇರಬೇಡಿ. ಮೊದಲು ಥೀಸಿಸ್ ಸಲ್ಲಿಸಿ. ನಾನು ಇದನ್ನು ಉಲ್ಟಾ ಮಾಡಿದವನು, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂದರ್ಶನಕ್ಕೆ ಯಾರನ್ನು ಕರೆಯಬೇಕು ಅನ್ನೋದಕ್ಕೆ 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮಾವಳಿಯಲ್ಲಿ ನೂರು ಅಂಕದ ಒಂದು ಪಟ್ಟಿ ಇದೆ. ಅದನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಳ್ಳಿ. ಪದವಿಯಲ್ಲಿ ಶೇ 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 15 ಅಂಕ, 60ರಿಂದ 80ರ ಒಳಗಿದ್ದರೆ 13. ಎಂ.ಎಸ್ಸಿಗೆ ಇದೇ ರೀತಿ 25 ಅಥವಾ 23. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಹಿತ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಆಗಿದ್ದರೆ 7, ಬರೀ ನೆಟ್ ಆದರೆ 5, ಸೆಟ್ ಆದರೆ 3. ಪಿಎಚ್‌ಡಿಗೆ 30. ಪ್ರಕಟವಾದ ಒಂದು ಸಂಶೋಧನಾ ಪೇಪರಿಗೆ 2 ಅಂಕದಂತೆ ಹೆಚ್ಚೆಂದರೆ 10. ಪಾಠ ಮಾಡಿದ ಅನುಭವಕ್ಕೆ ವರ್ಷಕ್ಕೆ 2, ಅದಕ್ಕೂ ಹೆಚ್ಚೆಂದರೆ 10. ಉಳಿದ 3 ಅಂಕ ಪ್ರಶಸ್ತಿಗೆ.

ಈಗ ನಿಮ್ಮದನ್ನೇ ಕೂಡಿಸಿ ನೋಡೋಣ. ಪದವಿ, ಎಂ.ಎಸ್ಸಿ ಎರಡರಲ್ಲೂ ಶೇ 60ರಿಂದ 80ರ ಮಧ್ಯೆ ಅಂದುಕೊಂಡರೆ 13, 23, ಕೆ-ಸೆಟ್‌ನ 3. ಒಟ್ಟು 39. ಪಿಎಚ್‌ಡಿ ಕೈಗೆ ಬಂದ ದಿನ ಅದು 69 ಆಗುತ್ತದೆ. ಅತಿಥಿಯಾಗಿ ಒಂದು ವರ್ಷ ದುಡಿದರೆ 41, ಐದು ವರ್ಷ ದುಡಿದರೆ 49. ಹದಿನೈದು ವರ್ಷ ದುಡಿದರೂ ಅದೇ 49. ಈ ಲೆಕ್ಕವನ್ನು ನನಗೆ ಆಗ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತೆ.

ನನ್ನ ಕತೆ ಹೀಗಾಯ್ತು. ವಾರಕ್ಕೆ ಹದಿನಾರು ಗಂಟೆ ಪಾಠ. ಅದರ ಮೇಲೆ ಇಂಟರ್ನಲ್ಸ್, ಮೌಲ್ಯಮಾಪನ, ಅಡ್ಮಿಷನ್ ಕೆಲಸ. ರಜೆ ಬಂತು ಅಂದರೆ ಸಂಬಳ ನಿಂತುಹೋಗೋದು, ಆಗ ಟ್ಯೂಷನ್. ಥೀಸಿಸ್ ಮೂರು ವರ್ಷ ತಡವಾಯ್ತು. ಇಷ್ಟಾದ ಮೇಲೆ ಅನುಭವದ ಪ್ರಮಾಣಪತ್ರ ಕೇಳಿದರೆ ಸೇರಿದ ತಾರೀಕು, ಬಿಟ್ಟ ತಾರೀಕು ಎರಡೂ ಇಲ್ಲದ ಎರಡು ಸಾಲಿನ ಪತ್ರ ಕೊಟ್ಟರು. ಅರ್ಜಿ ಪರಿಶೀಲನೆಯಲ್ಲಿ ಆ ವರ್ಷಗಳು ಲೆಕ್ಕಕ್ಕೇ ಬರಲಿಲ್ಲ. ಮುಂದೆ ನೀವು ಎಲ್ಲೇ ಸೇರಿದರೂ ನೇಮಕದ ಆದೇಶ, ತಾರೀಕು, ವಾರದ ಗಂಟೆ, ಸಂಬಳದ ವಿವರ ಇವನ್ನೆಲ್ಲ ಅದೇ ವರ್ಷ ಬರೆಸಿಕೊಂಡುಬಿಡಿ. ವಿಭಾಗದ ಮುಖ್ಯಸ್ಥರು ಬದಲಾದ ಮೇಲೆ ಹೋಗಿ ಕೇಳಿದರೆ ಫೈಲೇ ಸಿಗಲ್ಲ.

ಪೇಪರ್ ವಿಷಯದಲ್ಲೂ ಒಂದು ಮಾತು. ಐದಾದರೆ ಹತ್ತು ಅಂಕ ತುಂಬಿತು, ಆರನೆಯದಕ್ಕೆ ಸೊನ್ನೆ. ಆದರೂ ದುಡ್ಡು ತಗೊಂಡು ಹತ್ತು ದಿನದಲ್ಲಿ ಛಾಪಿಸುವ ಜರ್ನಲ್‌ಗಳಿಗೆ ಪೇಪರ್ ಕಳಿಸುವವರು ನಮ್ಮಲ್ಲಿ ಬಹಳ ಜನ. ಖಂಡಿತ ಬೇಡ. ಆಯ್ಕೆ ಸಮಿತಿಯಲ್ಲಿ ಕುಲಪತಿ, ಡೀನ್, ವಿಭಾಗದ ಮುಖ್ಯಸ್ಥರ ಜೊತೆ ಮೂವರು ಗಣಿತದ ತಜ್ಞರೂ ಕೂತಿರುತ್ತಾರೆ. ಜರ್ನಲ್ ಹೆಸರು ನೋಡಿದರೆ ಅವರಿಗೆ ಎಲ್ಲ ಅರ್ಥವಾಗುತ್ತೆ.

ಇನ್ನು ಮುಖ್ಯ ವಿಷಯ. ಆ ನೂರು ಅಂಕ ಸಂದರ್ಶನದ ಬಾಗಿಲ ತನಕ ಮಾತ್ರ. ಒಳಗೆ ಹೋದ ಮೇಲೆ ಆಯ್ಕೆ ಸಂದರ್ಶನದ ಮೇಲೆಯೇ ನಡೆಯಬೇಕು ಅಂತ ಅದೇ ನಿಯಮ ಹೇಳುತ್ತದೆ. ನನ್ನ ಮೊದಲ ಸಂದರ್ಶನದಲ್ಲಿ ನನ್ನ ಥೀಸಿಸ್ ಬಗ್ಗೆ ಒಂದೇ ಪ್ರಶ್ನೆ ಬಂತು. ಆಮೇಲೆ ಒಬ್ಬ ಹಿರಿಯರು ಸೀಮೆಸುಣ್ಣ ಕೈಗೆ ಕೊಟ್ಟು, "ಕಂಟಿನ್ಯುಯಸ್ ಇರಬೇಕು, ಯೂನಿಫಾರ್ಮ್ಲಿ ಕಂಟಿನ್ಯುಯಸ್ ಇರಬಾರದು. ಒಂದು ಉದಾಹರಣೆ ಬರೀರಿ" ಅಂದರು. ಸೊನ್ನೆ ಮತ್ತು ಒಂದರ ನಡುವಿನ ಓಪನ್ ಇಂಟರ್‌ವಲ್ ಮೇಲೆ ಒಂದು ಬೈ ಎಕ್ಸ್ ಅಂತ ಬರೆದೆ. "ಸರಿ, ಯಾಕೆ ಅಲ್ಲ ಅಂತ ತೋರಿಸಿ" ಅಂದರು. ಎಪ್ಸಿಲಾನ್ ಅಂತ ಬರೆದೆ, ಡೆಲ್ಟಾ ಅಂತ ಬರೆದೆ, ಅಲ್ಲೇ ನಿಂತೆ. 1/n, 1/(n+1) ಅಂತ ಎರಡು ಬಿಂದು ತಗೊಂಡರೆ ಸಾಕಿತ್ತು. ಬಿಂದುಗಳು ಹತ್ತಿರ ಹತ್ತಿರ ಬರುತ್ತವೆ, ಬೆಲೆಗಳ ನಡುವಿನ ಅಂತರ ಮಾತ್ರ ಯಾವಾಗಲೂ ಒಂದೇ ಉಳಿಯುತ್ತೆ. ಎರಡೇ ಸಾಲು. ಬಿ.ಎಸ್ಸಿಯಲ್ಲಿ ಓದಿದ್ದು. ಐದು ವರ್ಷ ಅದೇ ಎರಡು ವಿಷಯ ಪಾಠ ಮಾಡಿ ಮಾಡಿ ಉಳಿದದ್ದು ಕೈಬಿಟ್ಟುಹೋಗಿತ್ತು.

ಅದಕ್ಕೆ ದಿನಕ್ಕೆ ಒಂದು ಗಂಟೆ ರಿಯಲ್ ಅನಾಲಿಸಿಸ್, ಲೀನಿಯರ್ ಆಲ್ಜೀಬ್ರಾ, ಕಾಂಪ್ಲೆಕ್ಸ್ ಅನಾಲಿಸಿಸ್, ಗ್ರೂಪ್ ಥಿಯರಿ ಮಾಡುತ್ತಿರಿ. ಗಣಿತದವರು ಬರೆಯುವ ಸಿಎಸ್‌ಐಆರ್ ನೆಟ್‌ನ ಸಿ ಭಾಗದ ಹಳೆಯ ಪ್ರಶ್ನೆಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಅಲ್ಲಿ ಒಂದಕ್ಕಿಂತ ಹೆಚ್ಚು ಉತ್ತರ ಸರಿ ಇರಬಹುದು, ಎಲ್ಲವನ್ನೂ ಗುರುತಿಸಬೇಕು. ಸುಮ್ನೆ ಊಹೆ ಮಾಡಿದರೆ ನಡೆಯಲ್ಲ. ಬೋರ್ಡ್ ಮುಂದೆ ನಿಂತು, ಗಟ್ಟಿಯಾಗಿ ಹೇಳುತ್ತಾ ಬಿಡಿಸಿ. ನೆಟ್ ಆದರೆ ಇನ್ನೊಂದು ಲಾಭ: ಕೆ-ಸೆಟ್ ಕರ್ನಾಟಕದ ಒಳಗೆ ಮಾತ್ರ ನಡೆಯುತ್ತೆ, ನೆಟ್ ಇಡೀ ದೇಶದಲ್ಲಿ.

ಜಾಹೀರಾತು ಬಂದಾಗ ಹುದ್ದೆ ಎಷ್ಟು ಅಂತ ಮಾತ್ರ ನೋಡಬೇಡಿ, ಪಕ್ಕದ ಕಾಲಂ ಓದಿ. ಗಣಿತಕ್ಕೆ ಎರಡು ಹುದ್ದೆ ಅಂತಿರುತ್ತೆ, ರೋಸ್ಟರ್ (ಮೀಸಲಾತಿಯ ಸರದಿ ಪಟ್ಟಿ) ಪ್ರಕಾರ ಒಂದು ಬ್ಯಾಕ್‌ಲಾಗ್ (ಹಿಂದೆ ತುಂಬದೆ ಉಳಿದ ಮೀಸಲು ಹುದ್ದೆ), ಇನ್ನೊಂದು ಮಹಿಳೆಗೆ ಮೀಸಲು ಅಂತಿರಬಹುದು. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮದವರಿಗೆ ಮೀಸಲಾತಿ ಇದೆ, ಕಲ್ಯಾಣ ಕರ್ನಾಟಕ ಭಾಗದವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯೂ ಇದೆ. ಇವುಗಳ ಪ್ರಮಾಣಪತ್ರ ಈಗಲೇ ಮಾಡಿಸಿಡಿ, ಕೊನೇ ವಾರದಲ್ಲಿ ಕಚೇರಿಗಳಿಗೆ ಓಡಬೇಡಿ. 2023ರ ಜುಲೈನಿಂದ ವಿಶ್ವವಿದ್ಯಾಲಯದ ಹುದ್ದೆಗೂ ಪಿಎಚ್‌ಡಿ ಕಡ್ಡಾಯವಲ್ಲ, ನೆಟ್ ಅಥವಾ ಸೆಟ್ ಸಾಕು. ಅದು ಅರ್ಜಿ ಹಾಕೋದಕ್ಕೆ ಸಾಕು ಅಷ್ಟೇ, ಮೇಲಿನ 30 ಅಂಕ ಎಲ್ಲಿಗೂ ಹೋಗಿಲ್ಲ. 2025ರ ಜನವರಿಯಲ್ಲಿ ಯುಜಿಸಿ ಹೊಸ ನಿಯಮದ ಕರಡು ಹೊರಡಿಸಿತು. ಹಾಗಾಗಿ ನೀವು ಅರ್ಜಿ ಹಾಕುವ ಜಾಹೀರಾತಿನಲ್ಲಿ ಯಾವ ವರ್ಷದ ನಿಯಮ ಅಂತ ಬರೆದಿದೆಯೋ ಅದನ್ನೇ ಹಿಡಿಯಿರಿ.

ರಾಜ್ಯದ ವಿಶ್ವವಿದ್ಯಾಲಯಗಳು ಕಾಯಂ ಹುದ್ದೆ ಕರೆಯೋದು ಅಪರೂಪ, ಸರ್ಕಾರದ ಒಪ್ಪಿಗೆ ಬೇಕು. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಸುರತ್ಕಲ್‌ನ ಎನ್‌ಐಟಿಕೆ, ಧಾರವಾಡದ ಐಐಟಿ ಇವುಗಳ ವೆಬ್‌ಸೈಟನ್ನೂ ತಿಂಗಳಿಗೊಮ್ಮೆ ನೋಡುತ್ತಿರಿ. ಸರ್ಕಾರಿ ಪದವಿ ಕಾಲೇಜುಗಳದ್ದು ಬೇರೆ ದಾರಿ. 2022ರಲ್ಲಿ ಎಲ್ಲ ವಿಷಯ ಸೇರಿ 1,242 ಹುದ್ದೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಲಿಖಿತ ಪರೀಕ್ಷೆಯನ್ನೇ ನಡೆಸಿತು. ಐಐಎಸ್‌ಸಿ, ಯಲಹಂಕದ ಟಿಐಎಫ್‌ಆರ್ ಕೇಂದ್ರ, ಮೈಸೂರು ರಸ್ತೆಯ ಐಎಸ್‌ಐ ಇಂಥ ಬೆಂಗಳೂರಿನ ಸಂಶೋಧನಾ ಸಂಸ್ಥೆಗಳ ಕಡೆ ನೋಡುವವರಿಗೆ ಈ ಅಂಕಗಳಿಂದ ಏನೂ ಆಗಲ್ಲ. ಅಲ್ಲಿ ನಿಮ್ಮ ಸಂಶೋಧನೆ, ನಿಮ್ಮ ಬಗ್ಗೆ ಬೇರೆ ಗಣಿತಜ್ಞರು ಬರೆಯುವ ಪತ್ರ, ನೀವು ಕೊಡುವ ಭಾಷಣ ಇಷ್ಟೇ ಮಾತಾಡೋದು. ಅದಕ್ಕೆ ಮೊದಲು ಪೋಸ್ಟ್‌ಡಾಕ್ (ಪಿಎಚ್‌ಡಿ ಆದ ಮೇಲಿನ ಸಂಶೋಧನಾ ಅವಧಿ) ಬೇಕಾಗುತ್ತೆ. ಅಣುಶಕ್ತಿ ಇಲಾಖೆಯ ರಾಷ್ಟ್ರೀಯ ಉನ್ನತ ಗಣಿತ ಮಂಡಳಿ (ಎನ್‌ಬಿಎಚ್‌ಎಂ) ಗಣಿತದವರಿಗೆಂದೇ ಪೋಸ್ಟ್‌ಡಾಕ್ ಫೆಲೋಶಿಪ್ ಕೊಡುತ್ತದೆ. ಯುಜಿಸಿ ಪಟ್ಟಿಯಲ್ಲಿ ಪೋಸ್ಟ್‌ಡಾಕ್ ವರ್ಷಕ್ಕೂ ಅದೇ 2 ಅಂಕ ಇದೆ, ಅತಿಥಿಯಾಗಿ ದುಡಿಯೋದಕ್ಕೆ ಬದಲು ಇದನ್ನೂ ಯೋಚಿಸಬಹುದು.

ನಿಮ್ಮ ಪಿಎಚ್‌ಡಿ ಯಾವ ವಿಷಯದಲ್ಲಿ, ಸಿನಾಪ್ಸಿಸ್ (ಥೀಸಿಸ್‌ಗೆ ಮೊದಲು ಕೊಡುವ ಸಾರಾಂಶ) ಕೊಡೋದಕ್ಕೆ ಇನ್ನೂ ಏನು ಬಾಕಿ ಇದೆ ಅಂತ ಬರೆದಿಲ್ಲ. ಬರೆಯಿರಿ. ಒಂದು ಚಾಪ್ಟರ್ ಮಾತ್ರ ಉಳಿದಿದ್ದರೆ ಆ ಅತಿಥಿ ಉಪನ್ಯಾಸಕರ ಅರ್ಜಿಯನ್ನು ಈ ಸೆಮಿಸ್ಟರ್‌ಗೆ ಬಿಟ್ಟುಬಿಡಿ, ಮುಂದಿನ ಸೆಮಿಸ್ಟರ್‌ಗೂ ಕರೆದೇ ಕರೆಯುತ್ತಾರೆ.